ಇಬ್ಬರಿಗೂ ಒಂದೇ ಮೇಲ್ ಕಳಿಸಿ ಕೆಟ್ಟೆ

ನಾನು ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಸಾಫ್ಟ್‌ವೇರ್ ಟೀಮ್ ಲೀಡ್. ನಮ್ಮ ಆಫೀಸಿನಲ್ಲಿ ಈ ಊರಿನ ಬೇಸ್‌ಬಾಲ್ ತಂಡ ಪ್ಯಾಡ್ರೆಸ್ ಕಡೆಯವರೇ ಜಾಸ್ತಿ, ಲಾಸ್ ಏಂಜಲೀಸ್‌ನಿಂದ ಬಂದ ಕೆಲವರು ಮಾತ್ರ ಅಲ್ಲಿನ ತಂಡ ಡಾಡ್ಜರ್ಸ್ ಕಡೆ. 2025ರ ಜೂನ್‌ನಲ್ಲಿ ಡಾಡ್ಜರ್ ಸ್ಟೇಡಿಯಂನಲ್ಲಿ ಇವೆರಡರ ನಾಲ್ಕು ಪಂದ್ಯ ನಡೆದ ವಾರ ಊಟದ ಟೇಬಲ್‌ಗಳೇ ಬೇರೆಯಾಗಿದ್ದವು.

ಕ್ರಿಕೆಟ್ ನೋಡಿ ಬೆಳೆದ ನನಗೆ ಈ ಜಗಳ ಮೊದಲು ಅರ್ಥವಾಗುತ್ತಿರಲಿಲ್ಲ. ನಮ್ಮಲ್ಲಿ ಬೌನ್ಸರ್ ಮೈಗೆ ಬಿದ್ದರೆ ಉಜ್ಜಿಕೊಂಡು ಮುಂದಿನ ಬಾಲ್‌ಗೆ ನಿಲ್ಲುತ್ತಾರೆ. ಇಲ್ಲಿ ಚೆಂಡು ಬಡಿದರೆ ಬ್ಯಾಟರ್‌ಗೆ ಮೊದಲ ಬೇಸ್ (ರನ್ನಿಗೆ ಓಡುವ ದಾರಿಯ ಮೊದಲ ನಿಲ್ದಾಣ) ಪುಕ್ಕಟೆ. ಬೇಕಂತಲೇ ಹೊಡೆದರು ಅನ್ನಿಸಿದರೆ ಆ ಕಡೆಯವನಿಗೂ ಒಂದು ಬೀಳುತ್ತದೆ. ಅದು ಬೆಳೆಯದಿರಲಿ ಅಂತ ಅಂಪೈರ್ ಎರಡೂ ತಂಡಕ್ಕೆ ವಾರ್ನಿಂಗ್ ಕೊಡುತ್ತಾರೆ. ಆಮೇಲೂ ಬೇಕಂತ ಹೊಡೆದರೆ ಚೆಂಡು ಎಸೆದ ಪಿಚರ್ ಜೊತೆ ಅವರ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್, ಕೂಡ ಹೊರಗೆ.

ಜೂನ್ 17ರಂದು ಪ್ಯಾಡ್ರೆಸ್‌ನ ಫರ್ನಾಂಡೊ ಟಾಟಿಸ್‌ಗೆ ಏಟು ಬಿತ್ತು. ಅದೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ಶೋಹೆ ಒಹ್ತಾನಿಗೂ ಬಿತ್ತು (ಇಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಎರಡೂ ತಂಡ ಬ್ಯಾಟ್ ಮಾಡುತ್ತವೆ). ಅಂಪೈರ್‌ಗಳು ಎರಡೂ ತಂಡಕ್ಕೆ ವಾರ್ನಿಂಗ್ ಕೊಟ್ಟರು. ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್ ವಾದಕ್ಕಿಳಿದರು, ಅವರನ್ನೇ ಹೊರಗೆ ಕಳಿಸಿದರು. ಪಕ್ಕದ ಟೇಬಲ್ಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆಂದರೆ ಒಂದು ತಿಂಗಳ ಹಿಂದೆ ನಾನೂ ಅಂಥದ್ದೇ ವಾರ್ನಿಂಗ್ ಕೊಟ್ಟಿದ್ದೆ. ಟೆಸ್ಟಿಂಗ್‌ಗೆ ಹೊಸದಾಗಿ ಸೇರಿದ ಹುಡುಗ ರಿಲೀಸ್ ಹಿಂದಿನ ಸಂಜೆ ಹನ್ನೊಂದು ಬಗ್ (ಸಾಫ್ಟ್‌ವೇರ್ ದೋಷ) ವರದಿ ಮಾಡಿದ. ಡೆವಲಪರ್‌ಗಳಿಗೆ ಅದು ಬೇಕಂತಲೇ ಮಾಡಿದ್ದು ಅನ್ನಿಸಿತು. ಬೆಳಿಗ್ಗೆ ಹನ್ನೊಂದೂ 'ಬಗ್ ಅಲ್ಲ' ಅಂತ ವಾಪಸ್ ಬಂದವು. ಓದಿಯೂ ನೋಡಿರಲಿಲ್ಲ. ನಾನು ಏನು ಮಾಡಿದೆ? ಎರಡೂ ಟೀಮಿಗೆ ಒಂದೇ ಮೇಲ್ ಕಳಿಸಿದೆ: 'ಎಲ್ಲರೂ ಸರಿಯಾಗಿ ನಡೆದುಕೊಳ್ಳಿ.' ಹುಡುಗನಿಗೆ ತಾನೇನು ತಪ್ಪು ಮಾಡಿದೆ ಅಂತ ಗೊತ್ತಾಗಲಿಲ್ಲ. ಡೆವಲಪರ್‌ಗಳಿಗೆ ಬೈಸಿಕೊಂಡದ್ದು ತಾವು ಅಂತಲೂ ಗೊತ್ತಾಗಲಿಲ್ಲ. ಹುಡುಗ ಮಾತಾಡುವುದನ್ನೇ ಬಿಟ್ಟ. ಎರಡು ವಾರದ ನಂತರ ಆ ಹನ್ನೊಂದರಲ್ಲಿ ಒಂದನ್ನು ಗ್ರಾಹಕರೇ ಹುಡುಕಿ ಕೊಟ್ಟರು.

ಜೂನ್ 19ರ ಕೊನೆಯ ಪಂದ್ಯವನ್ನು ಮನೆಯಲ್ಲಿ ನೋಡಿದೆ. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್. ಡಾಡ್ಜರ್ಸ್‌ನ ಪಿಚರ್ ಜ್ಯಾಕ್ ಲಿಟಲ್‌ಗೆ ಅದು ಮೇಜರ್ ಲೀಗ್‌ನಲ್ಲಿ, ಅಂದರೆ ಇಲ್ಲಿನ ಅತಿ ಮೇಲಿನ ಮಟ್ಟದಲ್ಲಿ, ಮೊದಲ ಪಂದ್ಯ. ಅವನ ಚೆಂಡು ಟಾಟಿಸ್ ಕೈಗೆ ಬಡಿಯಿತು. ಪ್ಯಾಡ್ರೆಸ್ ಮ್ಯಾನೇಜರ್ ಮೈಕ್ ಶಿಲ್ಟ್ ಕೂಗಾಡುತ್ತಾ ಬಂದರು, ರಾಬರ್ಟ್ಸ್ ಎದುರು ನಿಂತರು, ಎರಡೂ ತಂಡ ಮೈದಾನಕ್ಕಿಳಿಯಿತು. ಇಬ್ಬರೂ ಮ್ಯಾನೇಜರ್ ಹೊರಗೆ, ಮತ್ತೆ ಎರಡೂ ತಂಡಕ್ಕೆ ವಾರ್ನಿಂಗ್. ಅಷ್ಟಾದರೂ ಪ್ಯಾಡ್ರೆಸ್ ಪಿಚರ್ ರಾಬರ್ಟ್ ಸ್ವಾರೆಜ್ ಗಂಟೆಗೆ ಸುಮಾರು 100 ಮೈಲಿ ವೇಗದ ಚೆಂಡನ್ನು ಒಹ್ತಾನಿ ಬೆನ್ನಿಗೆ ಹಾಕಿದ. ಹೊಸಬನ ಕೈತಪ್ಪಿಗೆ ಇದಾ ಉತ್ತರ! ಸ್ವಾರೆಜ್‌ನನ್ನೂ ಹೊರಗೆ ಹಾಕಿದರು, ಆಮೇಲೆ ಅಮಾನತು ಕೂಡ ಆಯಿತು. ಪ್ಯಾಡ್ರೆಸ್ 5-3ರಿಂದ ಗೆದ್ದಿತು.

ಒಹ್ತಾನಿ ಮಾತ್ರ ತನ್ನವರ ಕಡೆ ಕೈ ಬೀಸಿ 'ಬರಬೇಡಿ' ಅಂದು, ಸುಮ್ನೆ ಮೊದಲ ಬೇಸ್‌ಗೆ ನಡೆದ. ಅದನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.

ಸೋಮವಾರ ನಾನೇ ಹುಡುಗನ ಟೇಬಲ್‌ಗೆ ಹೋದೆ. "ಆ ಮೇಲ್ ನಿನಗಲ್ಲ ಕಣಪ್ಪ, ತಪ್ಪು ನಂದು" ಅಂದೆ. ಆಮೇಲೆ ಹಿರಿಯ ಡೆವಲಪರ್ ಒಬ್ಬರನ್ನೇ ಕಾಫಿಗೆ ಕರೆದೆ. ಆ ಕಾಫಿ ಅಷ್ಟು ಹಿತವಾಗಿರಲಿಲ್ಲ. ಸಂಜೆಯ ಹೊತ್ತಿಗೆ ಹನ್ನೊಂದರಲ್ಲಿ ಏಳು ಬಗ್ ಮತ್ತೆ ತೆರೆದಿದ್ದವು.