ಒಂದೇ ಗುಂಡಿನ ರೈಫಲ್ಲು

ಇಲ್ಲಿ ಅಮೆರಿಕದಲ್ಲಿ ಜಿಂಕೆ ಸೀಸನ್ ಶುರುವಾಯ್ತು ಅಂದ್ರೆ ನಮ್ಮಾಫೀಸಲ್ಲಿ ಬರೀ ಬಂದೂಕಿನ ಮಾತೇ. ಮೊನ್ನೆ ಕಲೀಗ್ ಒಬ್ರು ಅವ್ರ ರೂಗರ್ ನಂಬರ್ 1 ತೋರ್ಸಿದ್ರು, ಗುಂಡು ತುಂಬಿಡೋ ಮ್ಯಾಗಜೀನೇ ಇಲ್ಲ, ಟ್ರಿಗರ್ ಕೆಳಗಿರೋ ಲಿವರ್ ಎಳೆದ್ರೆ ಬ್ಯಾರೆಲ್ ಹಿಂಬದಿ ಮುಚ್ಚಿರೋ ಉಕ್ಕಿನ ದಪ್ಪ ಬ್ಲಾಕು ಸೀದಾ ಕೆಳಗಿಳಿಯತ್ತೆ, ಒಂದು ಕಾಟ್ರಿಡ್ಜ್ ಬೆರಳಲ್ಲೇ ತಳ್ಳಿ ಲಿವರ್ ಮೇಲೆತ್ತಿದ್ರೆ ಟಕ್ ಅಂತ ಮುಚ್ಕೊಳತ್ತೆ, ಅಷ್ಟೇ. ಬಂದಿದ್ದು 1967ರಲ್ಲಿ, ಆದ್ರೆ ಐಡಿಯಾ ಸ್ಕಾಟ್ಲೆಂಡಿನ ಫಾರ್ಕರ್ಸನ್ 1872ರಲ್ಲಿ ಪೇಟೆಂಟ್ ಮಾಡ್ಸಿದ ರೈಫಲ್ಲಿಂದು. ಬೇರೆ ರೈಫಲ್ಲುಗಳ ಥರ ಗುಂಡು ಒಳಗೆ ತಳ್ಳೋ ಬೋಲ್ಟ್ ಹಿಂದೆ ಮುಂದೆ ಓಡಾಡೋಕೆ ಜಾಗ ಬೇಕಿಲ್ವಲ್ಲ, ಹಾಗಾಗಿ ಬ್ಯಾರೆಲ್ ಉದ್ದ ಇದ್ರೂ ಒಟ್ಟು ಬಂದೂಕು ಗಿಡ್ಡ.

ಎರಡನೇ ಗುಂಡು ರೆಡಿ ಇಲ್ಲ ಅಂದಾಗ ಮನುಷ್ಯ ಇನ್ನೂ ಹತ್ರ ಹೋಗ್ತಾನೆ, ಜಿಂಕೆ ಅಡ್ಡ ತಿರುಗಿ ನಿಲ್ಲೋವರ್ಗೂ ಕಾಯ್ತಾನೆ, ಇಲ್ಲಾಂದ್ರೆ ಸುಮ್ನೆ ಬಿಟ್ಟು ಬರ್ತಾನೆ ಅಂತಾರೆ ಅವ್ರು. ಎಲ್ರೂ ಅಷ್ಟು ತಾಳ್ಮೆಯವ್ರಾ ಅಂತ ನಂಗೆ ಡೌಟು, ಗಾಯ ಆಗಿ ಓಡೋ ಪ್ರಾಣಿಗೆ ಥಟ್ಟಂತ ಇನ್ನೊಂದು ಹೊಡೆಯೋಕೂ ಆಗಲ್ವಲ್ಲ. ಆದ್ರೂ ಕೈಗೆತ್ಕೊಂಡ್ರೆ ಕೆಳಗಿಡೋಕೆ ಮನಸ್ಸಾಗಲ್ಲ, ಸತ್ಯ ಹೇಳ್ಬೇಕಂದ್ರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ಬೇಟೆ ಕಥೆ ಮುಗೀತು, ಆದ್ರೂ ಕೊಡಗಲ್ಲಿ ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆ ಹಬ್ಬ ಬಂದಾಗ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡ್ತಾರೆ. ಆ ಕಾಯಿಗೆ ಈ ರೈಫಲ್ಲಲ್ಲಿ ಒಂದೇ ಒಂದು ಗುಂಡು ಹೊಡೀಬೇಕು ಅಂತ ಆಸೆ, ಪಾರ್ಸೆಲ್ ಮಾಡೋಕಾಗಲ್ಲ ಬಿಡಿ 😄