ಬಾಣದ ಹಿಂಬದಿಯನ್ನು ಕೈಯಿಂದ ಕೀಸುವುದು

ಮರದ ಬಾಣದ ಹಿಂಭಾಗವನ್ನು ಕ್ರಮೇಣ ಸಣ್ಣಗಾಗಿಸಿದರೆ ಅಲ್ಲಿನ ತೂಕ ಇಳಿಯುತ್ತದೆ. ಹೆದೆಯಿಂದ ಚಿಮ್ಮಿದೊಡನೆ ಬಳುಕುವ ಬಾಣವು ಬೇಗ ನೇರಗೊಂಡು, ಗರಿಗಳು ಬಿಲ್ಲಿಗೆ ತಾಗದೆ ಸಾಗುವುದು ಸುಲಭವಾಗುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಾಣಗಳಲ್ಲಿಯೂ ಹೀಗೆ ಹಿಂದಕ್ಕೆ ಸಣ್ಣಗಾಗುವಂಥವು ಸಿಕ್ಕಿವೆ.

ನಾನು ಬಳಸುವುದು ಪೋರ್ಟ್ ಆರ್ಫರ್ಡ್ ಸೀಡರ್ ಮರದ, ಸುಮಾರು 8.7 ಮಿಲಿಮೀಟರ್ ದಪ್ಪದ ಕಡ್ಡಿ. ಅದರ ಕೊನೆಯ 25 ಸೆಂಟಿಮೀಟರ್ ಉದ್ದವನ್ನು ತುದಿಯಲ್ಲಿ 7.9 ಮಿಲಿಮೀಟರಿಗೆ ಇಳಿಸಬೇಕು. ಇದಕ್ಕೆ ಯಂತ್ರ ಬೇಕಿಲ್ಲ. ಗಟ್ಟಿ ಹಲಗೆಯೊಂದರಲ್ಲಿ, ಹೆದೆ ಕೂರುವ ತುದಿಯ ಕಡೆಗೆ ಆಳ ಕಡಿಮೆಯಾಗುತ್ತ ಹೋಗುವ ಇಳಿಜಾರು ತೋಡನ್ನು ಕೊರೆದು, ಕಡ್ಡಿಯನ್ನು ಅದರೊಳಗೆ ಮಲಗಿಸಿ, ಮೇಲೆ ಚಾಚಿಕೊಂಡ ಮರವನ್ನಷ್ಟೇ ಸಣ್ಣ ಕೀಸುಳಿಯಿಂದ ಹೆರೆಯಬೇಕು. ಪ್ರತಿ ಎಳೆತಕ್ಕೂ ಕಡ್ಡಿಯನ್ನು ತುಸು ತಿರುಗಿಸುವುದೇ ಇಲ್ಲಿನ ಮುಖ್ಯ ಕೌಶಲ; ಒಂದೇ ಬದಿಯಲ್ಲಿ ಹೆಚ್ಚು ತೆಗೆದರೆ ತುದಿಯು ನಡುಗೆರೆಯಿಂದ ಸರಿಯುತ್ತದೆ. ಅಲಗು ಬಹಳ ಹರಿತವಾಗಿರಬೇಕು, ಮರದ ಎಳೆ ಓಡುವ ದಿಕ್ಕಿನಲ್ಲೇ ಸಾಗಬೇಕು. ಉಳಿದ ಅಂಚುಗಳನ್ನು ಉಪ್ಪುಕಾಗದ ಸುತ್ತಿ, ಕಡ್ಡಿಯನ್ನು ತಿರುಗಿಸುತ್ತ ಉಜ್ಜಿದರೆ ಸಾಕು. ಹಿಂಬದಿ ತೆಳುವಾದಂತೆ ಕಡ್ಡಿಯ ಬಿಗಿತವೂ ಸ್ವಲ್ಪ ತಗ್ಗುವುದರಿಂದ, ಬಿಲ್ಲಿಗೆ ಅದು ಹೊಂದುವುದೇ ಎಂದು ಕೀಸಿದ ನಂತರವೇ ಅಳೆಯುವುದು ಸರಿಯೆಂಬುದು ನನ್ನ ದೃಢವಾದ ಅಭಿಪ್ರಾಯ.