ಒಂದು ಅಕ್ಷರ ತಿದ್ದಲು ಹೋಗಿ

ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಹೊಸತು. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಿಗೆ ಸಕ್ರಿಯ ಇದ್ದಿಲಿನ ಪುಡಿ ಹಾಕಿ, ಕುಲುಕಿ, ಸೋಸಿ, ಎಷ್ಟು ಬಣ್ಣ ಉಳಿಯಿತೆಂದು ಬೆಳಕು ಹಾಯಿಸಿ ನೋಡುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣದಲ್ಲಿ ಅಳೆಯುವ ಪ್ರಯೋಗ ನಡೆದಿತ್ತು. ವರದಿ ಬರೆದವರು ನಮ್ಮ ವಿಭಾಗದ ಮೇಡಂ. ಕಾಗುಣಿತ ನೋಡಿ ಕಳಿಸುವುದಷ್ಟೇ ನನ್ನ ಪಾಲು. ತೆರೆದು ನೋಡಿದರೆ ಪುಟದ ತುಂಬ ‘ಅಡ್ಸಾರ್ಪ್ಶನ್’! ನಾನು ಓದಿಕೊಂಡು ಬಂದಿದ್ದು ‘ಅಬ್ಸಾರ್ಪ್ಶನ್’. ಅವಸರದಲ್ಲಿ ಬೆರಳು ತಪ್ಪಿರಬೇಕು, ಪಾಪ, ಎಂದುಕೊಂಡು ಆ ಇಂಗ್ಲಿಷ್ ಪದದ ‘ಡಿ’ ಇದ್ದಲ್ಲೆಲ್ಲ ‘ಬಿ’ ಬರುವಂತೆ ಒಂದೇ ಏಟಿಗೆ ಬದಲಿಸಿಬಿಟ್ಟೆ.

ಸಂಜೆ ಮೇಡಂ ಕರೆದರು. ಗದರಲಿಲ್ಲ. “ಇದ್ದಿಲು ಬಣ್ಣವನ್ನು ಕುಡಿಯಿತೋ, ಮೈಗೆ ಮೆತ್ತಿಕೊಂಡಿತೋ?” ಎಂದು ಮಾತ್ರ ಕೇಳಿದರು.

ಕುಡಿಯಿತು ಎಂದೆ. ತಪ್ಪು. ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಇಂಗಾಲದ ಡೈ ಆಕ್ಸೈಡ್ ಹಾಯಿಸಿದರೆ ಅದು ದ್ರಾವಣದ ಒಡಲೊಳಗೆ ಹೋಗಿ ಬೆರೆಯುತ್ತದೆ. ಅದು ಅಬ್ಸಾರ್ಪ್ಶನ್, ಅಂದರೆ ಹೀರಿಕೆ. ಇದ್ದಿಲಿನಲ್ಲಿ ಹಾಗಲ್ಲ, ಬಣ್ಣದ ಅಣುಗಳು ಮೇಲ್ಮೈಗೆ ಅಂಟಿ ನಿಲ್ಲುತ್ತವೆ. ನನ್ನನ್ನು ದಾರಿ ತಪ್ಪಿಸಿದ್ದು ಅದರ ರಂಧ್ರಗಳು. ಒಂದು ಗ್ರಾಂ ಸಕ್ರಿಯ ಇದ್ದಿಲಿನ ಮೇಲ್ಮೈ ಸಾಮಾನ್ಯವಾಗಿ 500ರಿಂದ 1,500 ಚದರ ಮೀಟರ್. ಅದರಲ್ಲಿ ಬಹುಪಾಲು ಇರುವುದು ಕಣದ ಒಳಗಿನ ಸಣ್ಣ ಸಣ್ಣ ಬಿಲಗಳಲ್ಲಿ. ಅಣು ಬಿಲ ಹೊಕ್ಕರೂ ಗೋಡೆಗೇ ಅಂಟುತ್ತದೆ, ಗೋಡೆಯೊಳಕ್ಕೆ ಇಳಿಯುವುದಿಲ್ಲ. ನೋಡುವವರಿಗೆ ಮಾತ್ರ ಕುಡಿದಂತೆಯೇ ಕಾಣುತ್ತದೆ! ಈ ವ್ಯತ್ಯಾಸಕ್ಕಾಗಿಯೇ ಜರ್ಮನಿಯ ಭೌತವಿಜ್ಞಾನಿ ಹೈನ್‌ರಿಷ್ ಕೈಸರ್ 1881ರಲ್ಲಿ ‘ಅಡ್ಸಾರ್ಪ್ಶನ್’ ಪದವನ್ನು ಬಳಕೆಗೆ ತಂದದ್ದು. ಕನ್ನಡದಲ್ಲಿ ಇದನ್ನು ಅಧಿಶೋಷಣೆ ಎನ್ನುವುದುಂಟು. ನನಗೆ ಆ ಪದ ಅಷ್ಟಾಗಿ ಹಿಡಿಸದು. ಶೋಷಣೆ ಎಂದರೆ ಮೊದಲು ನೆನಪಾಗುವುದು ಸಂಬಳದ ತಕರಾರು.

ನಾಚಿಕೆಯಿಂದ ಹಿಂದಿರುಗಿ ‘ಬಿ’ ಎಲ್ಲವನ್ನೂ ‘ಡಿ’ ಮಾಡಿದೆ. ಅದೂ ಎಡವಟ್ಟಾಯಿತು. ವರದಿಯಲ್ಲಿ ‘ಬಿ’ಯೇ ಇರಬೇಕಾದ ಜಾಗಗಳೂ ಇದ್ದವು. 664 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬಣ್ಣದ ಅಣುಗಳು ನಿಜಕ್ಕೂ ಹೀರುತ್ತವೆ, ಉಪಕರಣ ಅಳೆಯುವುದು ಆ ಹೀರಿಕೆಯನ್ನೇ. ನನ್ನ ಹೊಸ ತಿದ್ದುಪಡಿಯಲ್ಲಿ ಬೆಳಕೂ ಹೋಗಿ ಬಣ್ಣದ ಮೈಗೆ ಅಂಟಿಕೊಂಡಿತ್ತು.

ಮೂರನೆಯ ಸಲ ಕಂಪ್ಯೂಟರನ್ನು ನಂಬಲಿಲ್ಲ. ಮುದ್ರಿಸಿಕೊಂಡು, ಬೆರಳಿಟ್ಟು, ಯಾರು ಯಾರನ್ನು ಏನು ಮಾಡುತ್ತಿದ್ದಾರೆ ಎಂದು ಸಾಲು ಸಾಲಾಗಿ ಓದಿದೆ. ಕೊನೆಯ ಪುಟದ ಒಂದು ವಾಕ್ಯದಲ್ಲಿ ಬಹಳ ಹೊತ್ತು ಸಿಕ್ಕಿಕೊಂಡೆ. ಮಿಥಿಲೀನ್ ಬ್ಲೂ ಗಾಜಿನ ಕ್ಯುವೆಟ್ಟಿನ (ದ್ರಾವಣ ತುಂಬಿ ಉಪಕರಣದೊಳಗೆ ಇಡುವ ಪುಟ್ಟ ಪಾತ್ರೆಯ) ಗೋಡೆಗೂ ಅಂಟುತ್ತದೆ, ಹಾಗೆ ಅಂಟಿದ್ದೂ ಬೆಳಕನ್ನು ಹೀರಿ ಅಳತೆಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಪ್ರತಿ ಸಲ ತೊಳೆಯಬೇಕು ಎಂದು ಅಲ್ಲಿ ಬರೆದಿತ್ತು. ಮೊದಲನೆಯದಕ್ಕೆ ‘ಡಿ’, ಎರಡನೆಯದಕ್ಕೆ ‘ಬಿ’. ಮೇಡಂ ಅವರ ಮೂಲ ಪ್ರತಿಯನ್ನು ತೆಗೆದು ನೋಡಿದೆ. ಅವರು ಹಾಗೆಯೇ ಬರೆದಿದ್ದರು.